ಕಡತ ದಾಟಬೇಕಾದ ಮೂರು ಬಾಗಿಲುಗಳು



ಹಿರಿಯರ ನೆನಪುಗಳನ್ನು ಅವರ ದನಿಯಲ್ಲಿಯೇ ಉಳಿಸಬೇಕೆಂದು ನಾವು ನಮ್ಮ ಬಳಗಕ್ಕೊಂದು ಜಾಲತಾಣವನ್ನು ರೂಪಿಸಿದೆವು. ಸಣ್ಣ ಚಿತ್ರಗಳು ಸುಗಮವಾಗಿ ಸೇರಿದವು. ಹಿರಿಯರೊಬ್ಬರ 12 ಮೆಗಾಬೈಟ್ ಗಾತ್ರದ ಧ್ವನಿಮುದ್ರಣ ಮಾತ್ರ ಸೇರಲಿಲ್ಲ. ಅದರ ಕಾರಣವನ್ನು ಹುಡುಕುತ್ತ ನಾವು ಕಲಿತದ್ದನ್ನು ಇಲ್ಲಿ ನಿವೇದಿಸುತ್ತೇವೆ.

ದೊಡ್ಡ ಮಂಚವೊಂದನ್ನು ಮನೆಯೊಳಗೆ ಸಾಗಿಸಲು ಹೆಬ್ಬಾಗಿಲು ಅಗಲವಾಗಿದ್ದರೆ ಸಾಲದು. ಕೋಣೆಯ ಬಾಗಿಲೂ ಅದಕ್ಕೆ ಎಡೆಗೊಡಬೇಕು. ಸರ್ವರಿನ ಸ್ಥಿತಿಯೂ ಇದೇ. ನಮ್ಮಲ್ಲಿ ಹೆಬ್ಬಾಗಿಲನ್ನು ಕಾಯುತ್ತಿದ್ದುದು ಎಂಜಿನ್‌ಎಕ್ಸ್. ಒಳಗೆ ಕೆಲಸ ಮಾಡುತ್ತಿದ್ದುದು ಪಿಎಚ್‌ಪಿ.

ನಾವಾಗಿ ಬದಲಿಸದಿದ್ದರೆ ಎಂಜಿನ್‌ಎಕ್ಸ್‌ನ 'ಕ್ಲೈಂಟ್ ಮ್ಯಾಕ್ಸ್ ಬಾಡಿ ಸೈಜ್' ಎಂಬ ಮಿತಿ 1 ಮೆಗಾಬೈಟ್. ಅದನ್ನು ಮೀರಿದರೆ 413 ಎಂಬ ದೋಷಸಂಖ್ಯೆ ಬರುತ್ತದೆ. ನಾವು ಮಿತಿಯನ್ನು 25ಕ್ಕೆ ಏರಿಸಿದೆವು. 413 ಮಾಯವಾಯಿತು, "ಧನ್ಯವಾದ, ಕಡತ ತಲುಪಿದೆ" ಎಂಬ ಸಂದೇಶವೂ ಬಂದಿತು. ಆದರೆ ಕಡತ ಬಂದಿರಲಿಲ್ಲ!

ಇದು ಎರಡನೆಯ ಬಾಗಿಲಿನ ಮಹಿಮೆ. ಪಿಎಚ್‌ಪಿಯ 'ಪೋಸ್ಟ್ ಮ್ಯಾಕ್ಸ್ ಸೈಜ್' ಮೂಲತಃ 8 ಮೆಗಾಬೈಟ್. ಇದನ್ನು ಮೀರಿದರೆ ಕಡತವಷ್ಟೇ ಅಲ್ಲ, ಅದರೊಡನೆ ತುಂಬಿದ ಹೆಸರು, ವಿವರಗಳೂ ಪ್ರೋಗ್ರಾಮಿಗೆ ದೊರೆಯುವುದಿಲ್ಲ. ಅದನ್ನು ಪರೀಕ್ಷಿಸದೆ ವಂದನೆ ಹೇಳಿದ್ದು ನಾವೇ ಬರೆದ ಪ್ರೋಗ್ರಾಮಿನ ತಪ್ಪು. ಆ ಮಾತನ್ನು ನಂಬಿ ಹಿರಿಯರು ತಮ್ಮ ಫೋನಿನಲ್ಲಿದ್ದ ಮೂಲ ಮುದ್ರಣವನ್ನು ಅಳಿಸುವುದರಲ್ಲಿದ್ದರು. ಸಕಾಲದಲ್ಲಿ ನಾವು ಕರೆ ಮಾಡಿದ್ದರಿಂದ ಅದು ಉಳಿಯಿತು.

ಮೂರನೆಯದು 'ಅಪ್‌ಲೋಡ್ ಮ್ಯಾಕ್ಸ್ ಫೈಲ್‌ಸೈಜ್'. ಒಂದೊಂದು ಕಡತಕ್ಕೆ 2 ಮೆಗಾಬೈಟ್. ಇಲ್ಲಿ ತಡೆಯಾದರೆ ವಿವರಗಳು ಬರುತ್ತವೆ, ಕಡತ ಬರುವುದಿಲ್ಲ. ದೋಷಸಂಖ್ಯೆ 1 ಎಂದು ಪಿಎಚ್‌ಪಿ ತಿಳಿಸುತ್ತದೆ.

ಹೀಗೆ ತಡೆದ ಬಾಗಿಲು ಯಾವುದೆಂಬುದನ್ನು ಅದರ ಲಕ್ಷಣದಿಂದಲೇ ಗುರುತಿಸಬಹುದು. ಸಂದೇಹವಿದ್ದರೆ ಸರ್ವರಿನ ದೋಷಗಳ ಲಾಗ್ ಕಡತವನ್ನು ಓದಬೇಕು. ನಾವು ಕೊನೆಗೆ ಒಂದು ಕಡತಕ್ಕೆ 20, ಪೋಸ್ಟಿಗೆ 24, ಹೆಬ್ಬಾಗಿಲಿಗೆ 25 ಮೆಗಾಬೈಟ್ ಎಂದು ನಿಗದಿಪಡಿಸಿದೆವು. ಒಳಬಾಗಿಲಿಗಿಂತ ಹೊರಬಾಗಿಲು ತುಸು ಅಗಲವಾಗಿರಬೇಕು. ಎರಡೂ ಸೇವೆಗಳು ಹೊಸ ಮಿತಿಗಳನ್ನು ಮತ್ತೆ ಓದಿಕೊಳ್ಳುವಂತೆ ಮಾಡದಿದ್ದರೆ ಬದಲಾವಣೆ ಜಾರಿಗೆ ಬಾರದು. ಹಾಗೆಂದು ಮಿತಿಯನ್ನೇ ತೆಗೆದುಹಾಕುವುದು ವಿವೇಕವಲ್ಲ. ಯಾರಾದರೂ ಡಿಸ್ಕನ್ನೇ ತುಂಬಿಸಿಬಿಟ್ಟಾರು.

ತಾಣವನ್ನು ನಡೆಸುವವರಲ್ಲಿ ನಮ್ಮ ವಿನಂತಿ: ಕಡತ ಕೈಸೇರದೆ ಧನ್ಯವಾದ ಹೇಳಬೇಡಿ. ಕಳುಹಿಸುವ ಬಂಧುಗಳಲ್ಲಿಯೂ ಒಂದು ವಿನಂತಿ: ತಾಣದಲ್ಲಿ ಆ ದನಿಯನ್ನು ನೀವೇ ಕೊನೆಯವರೆಗೆ ಕೇಳುವ ತನಕ ಮೂಲವನ್ನು ಅಳಿಸದಿರಿ. ಸರ್ವರಿನ ಮಿತಿಯನ್ನು ಎಂದಾದರೂ ಹಿಗ್ಗಿಸಬಹುದು. ಹೋದ ದನಿ ಮತ್ತೆ ಬಾರದು.