ಮೆಣಸಿನಕಾಯಿ: ಖಾರದ ಹಿಂದಿನ ಕಥೆ

ಕನ್ನಡ ನಾಡಿನ ಸಾರು, ಚಟ್ನಿ, ಉಪ್ಪಿನಕಾಯಿಗಳಲ್ಲಿ ಬೆರೆತುಹೋಗಿರುವ ಮೆಣಸಿನಕಾಯಿ ಈ ನೆಲದ ಮೂಲ ಬೆಳೆಯಲ್ಲ. ಹದಿನೈದನೆಯ ಶತಮಾನದ ಕೊನೆಯವರೆಗೆ ಅಮೆರಿಕ ಖಂಡಗಳ ಹೊರಗೆ ಅದರ ಪರಿಚಯವೇ ಇರಲಿಲ್ಲ. ಬದನೆ, ಟೊಮೆಟೊಗಳ ಕುಟುಂಬಕ್ಕೆ ಸೇರಿದ, ಕ್ಯಾಪ್ಸಿಕಂ ಎಂದು ಸಸ್ಯವಿಜ್ಞಾನಿಗಳು ಕರೆಯುವ ಈ ಕುಲದಲ್ಲಿ ಮನುಷ್ಯ ಪಳಗಿಸಿಕೊಂಡ ಪ್ರಭೇದಗಳು ಐದೇ ಆದರೂ, ಕಾಡಿನಲ್ಲಿ ತಾವಾಗಿ ಬೆಳೆಯುವ ಹಲವು ಪ್ರಭೇದಗಳು ಇಂದಿಗೂ ಬೊಲಿವಿಯ, ಪೆರು, ಬ್ರೆಜಿಲ್‌ಗಳಲ್ಲಿ ಉಳಿದಿವೆ. ಭಾರತದ ಹೊಲಗಳಲ್ಲಿ ಹೆಚ್ಚಾಗಿ ಕಾಣುವ ಪ್ರಭೇದ ಪಳಗಿದ್ದು ಮೆಕ್ಸಿಕೋದಲ್ಲಿ. ಅಲ್ಲಿನ ತೆಹುಕಾನ್ ಕಣಿವೆಯ ಗುಹೆಗಳಲ್ಲಿ ಸಾವಿರಾರು ವರ್ಷ ಹಳೆಯ ಮೆಣಸಿನಕಾಯಿಯ ಅವಶೇಷಗಳು ದೊರೆತಿವೆ.

1492ರಲ್ಲಿ ಕರಿಮೆಣಸಿನ ನಾಡನ್ನು ಹುಡುಕುತ್ತ ಹೊರಟ ಕೊಲಂಬಸ್‌ಗೆ ಕೆರಿಬಿಯನ್ ದ್ವೀಪಗಳಲ್ಲಿ ಸಿಕ್ಕಿದ್ದು ಈ ಕೆಂಪು ಕಾಯಿ. ಮುಂದೆ ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತದ ಪಶ್ಚಿಮ ಕರಾವಳಿಗೆ ಬಂದಿತು. 1510ರಲ್ಲಿ ಅವರ ವಶವಾದ ಗೋವೆಯಿಂದ ಕನ್ನಡ ಸೀಮೆ ದೂರವೇನೂ ಇರಲಿಲ್ಲ. ಕರಿಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ, ಮರದ ಆಸರೆ, ವರ್ಷಗಳ ಕಾಯುವಿಕೆ ಬೇಕು. ಮೆಣಸಿನ ಗಿಡವಾದರೋ ಬಡವನ ಹಿತ್ತಲಲ್ಲಿಯೂ ಕೆಲವೇ ತಿಂಗಳಲ್ಲಿ ಫಲ ಕೊಡುತ್ತದೆ. ಹೊರಗಿನಿಂದ ಬಂದ ಬೆಳೆಯೊಂದು ಇಷ್ಟು ಬೇಗ ಮನೆಮಾತಾದುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಹುಡುಕಬೇಕಾಗಿಲ್ಲ.

ಕರ್ನಾಟಕದಲ್ಲಿ ಈ ಬೆಳೆಗೆ ಹೆಸರು ತಂದ ಊರು ಹಾವೇರಿ ಜಿಲ್ಲೆಯ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಿಕೆ, ಅಂದರೆ ನಿರ್ದಿಷ್ಟ ಪ್ರದೇಶದ ಉತ್ಪನ್ನವೆಂಬ ಕಾನೂನಿನ ಮನ್ನಣೆ, ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಗಿಡ್ಡಗೆ ದುಂಡಗಿರುವುದನ್ನು ಡಬ್ಬಿಯೆಂದೂ, ಉದ್ದಕ್ಕೆ ತೆಳ್ಳಗಿರುವುದನ್ನು ಕಡ್ಡಿಯೆಂದೂ ಕರೆಯುತ್ತಾರೆ. ಧಾರವಾಡ, ಗದಗ, ಹಾವೇರಿ ಭಾಗದ ಎರೆಹೊಲಗಳಲ್ಲಿ ಮಳೆಯನ್ನೇ ನಂಬಿ, ಎಷ್ಟೋ ಕಡೆ ಉಳ್ಳಾಗಡ್ಡಿ ಮತ್ತು ಹತ್ತಿಯ ಜೊತೆಗೆ ಇದನ್ನು ಬೆಳೆಯುತ್ತಾರೆ; ಮುಂಗಾರಿನಲ್ಲಿ ನಾಟಿಯಾದ ಗಿಡದ ಹಣ್ಣುಗಾಯಿಯನ್ನು ಚಳಿಗಾಲದಲ್ಲಿ ಹಲವು ಸಲ ಬಿಡಿಸಿ ಬಿಸಿಲಿಗೆ ಹರವುತ್ತಾರೆ. ರೈತನನ್ನು ಹೆಚ್ಚಾಗಿ ಕಾಡುವುದು ಮುಟುರು ರೋಗ. ಥ್ರಿಪ್ಸ್ ಎಂಬ ಸಣ್ಣ ಕೀಟ ರಸ ಹೀರಿದರೆ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮುದುಡುತ್ತದೆ, ಮೈಟ್ ನುಸಿ ಹೀರಿದರೆ ಕೆಳಕ್ಕೆ ಮಡಚಿಕೊಳ್ಳುತ್ತದೆ. ಔಷಧಿ ಹೊಡೆಯುವ ಮುನ್ನ ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಹಣ ವ್ಯರ್ಥ, ಏಕೆಂದರೆ ಒಂದಕ್ಕೆ ನಾಟುವ ಔಷಧಿ ಇನ್ನೊಂದಕ್ಕೆ ನಾಟದಿರಬಹುದು.

ಬ್ಯಾಡಗಿಯ ಸುಕ್ಕುಗಟ್ಟಿದ ಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಒಣಕಾಯಿಯಿಂದ ದ್ರಾವಕ ಬಳಸಿ ತೆಗೆಯುವ ಓಲಿಯೊರೆಸಿನ್ ಎಂಬ ಗಟ್ಟಿ ಎಣ್ಣೆಯಂಥ ಸಾರವು ಆಹಾರಕ್ಕೂ ಸೌಂದರ್ಯ ಸಾಮಗ್ರಿಗಳಿಗೂ ಕೆಂಪು ಕೊಡುತ್ತದೆ. ಆ ಕೆಂಪಿಗೆ ಕಾರಣ ಕ್ಯಾಪ್ಸಾಂಥಿನ್. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಬೇರೆಯೇ ವಸ್ತು. ಜನ ನಂಬಿರುವಂತೆ ಖಾರ ಹುಟ್ಟುವುದು ಬೀಜದಲ್ಲಿ ಅಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ.

ಗಿಡಕ್ಕೆ ಈ ಖಾರ ಏಕೆ ಬೇಕಿತ್ತು? ಹಕ್ಕಿಗಳಿಗೆ ಕ್ಯಾಪ್ಸೈಸಿನ್ ಉರಿ ತಾಗುವುದಿಲ್ಲ. ಅವು ಹಣ್ಣು ನುಂಗಿ ಬೀಜವನ್ನು ಹಾಳುಮಾಡದೆ ದೂರ ಒಯ್ದು ಹಾಕುತ್ತವೆ. ಬೀಜವನ್ನು ಅಗಿದು ಪುಡಿಮಾಡುವ ಇಲಿಯಂಥ ಪ್ರಾಣಿಗಳಾದರೋ ಖಾರಕ್ಕೆ ಹೆದರಿ ದೂರ ಸರಿಯುತ್ತವೆ. ಬೊಲಿವಿಯದ ಕಾಡುಮೆಣಸಿನ ಅಧ್ಯಯನಗಳು, ಬೀಜವನ್ನು ಕೊಳೆಸುವ ಶಿಲೀಂಧ್ರವನ್ನೂ ಖಾರ ತಡೆಯುತ್ತದೆಂದು ತೋರಿಸಿವೆ. ಹೀಗೆ ಸಸ್ತನಿಗಳನ್ನು ಅಟ್ಟಲೆಂದೇ ಇರುವ ಕಾಯಿಯನ್ನು ಮನುಷ್ಯನೆಂಬ ಸಸ್ತನಿ ಊಟಕ್ಕೆ ಬೇಕೇ ಬೇಕೆಂದು ಹಟ ಹಿಡಿದದ್ದು ಸೋಜಿಗವೇ ಸರಿ.

ಖಾರ ನಾಲಗೆಯ ರುಚಿಯಲ್ಲ, ನೋವು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಅವರ ತಂಡ ನರತುದಿಗಳಲ್ಲಿರುವ ಟಿಆರ್‌ಪಿವಿ1 ಎಂಬ ಗ್ರಾಹಕ ಪ್ರೋಟೀನನ್ನು ಗುರುತಿಸಿತು. ಸುಮಾರು 43 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ತಾಗಿದಾಗ ಮಿದುಳಿಗೆ ಸುದ್ದಿ ಮುಟ್ಟಿಸುವ ಈ ಪ್ರೋಟೀನನ್ನೇ ಕ್ಯಾಪ್ಸೈಸಿನ್ ಕೂಡ ಕೆರಳಿಸುವುದರಿಂದ, ಸುಡದಿದ್ದರೂ ಬಾಯಿ ಸುಟ್ಟಂತಾಗುತ್ತದೆ. ಈ ಕೆಲಸಕ್ಕಾಗಿ ಜೂಲಿಯಸ್ 2021ರ ನೊಬೆಲ್ ಪ್ರಶಸ್ತಿಯನ್ನು ಆರ್ಡೆಮ್ ಪಟಾಪುಟಿಯನ್ ಅವರೊಂದಿಗೆ ಹಂಚಿಕೊಂಡರು.

ಔಷಧಿಯ ಗುಟ್ಟೂ ಇಲ್ಲಿಯೇ ಇದೆ: ಕ್ಯಾಪ್ಸೈಸಿನ್ ಮತ್ತೆ ಮತ್ತೆ, ಅಥವಾ ಒಮ್ಮೆಗೇ ಹೆಚ್ಚಾಗಿ ತಾಗಿದರೆ ಆ ನರತುದಿಗಳು ಕೆಲಕಾಲ ಮಂಕಾಗಿ, ನೋವಿನ ಸುದ್ದಿಯನ್ನು ಮುಟ್ಟಿಸುವುದನ್ನೇ ನಿಲ್ಲಿಸುತ್ತವೆ. ಕೀಲುನೋವಿಗೆ ಹಚ್ಚುವ ಕ್ಯಾಪ್ಸೈಸಿನ್ ಮುಲಾಮು ಈ ತತ್ತ್ವದ ಮೇಲೆಯೇ ಕೆಲಸ ಮಾಡುತ್ತದೆ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಶೇಕಡಾ 8ರ ಪ್ರಮಾಣದ ಪಟ್ಟಿಯೊಂದು 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆಸ್ಪತ್ರೆಯಲ್ಲಿ ಒಂದು ಗಂಟೆ ಚರ್ಮಕ್ಕೆ ಅಂಟಿಸಿ ತೆಗೆದರೆ, ಫಲಿಸಿದವರಿಗೆ ಸುಮಾರು ಮೂರು ತಿಂಗಳು ಆರಾಮ ಸಿಗಬಹುದು. ಅಂಟಿಸುವಾಗ ರೋಗಿಗೆ ಉರಿ ತಪ್ಪದು. ಅಂಟಿಸುವ ಸಿಬ್ಬಂದಿಯೂ ನೈಟ್ರೈಲ್ ಕೈಗವಸನ್ನೇ ತೊಡಬೇಕು, ಏಕೆಂದರೆ ಸಾಮಾನ್ಯ ರಬ್ಬರ್ ಕೈಗವಸು ಈ ಖಾರವನ್ನು ತಡೆಯಲಾರದು.