ನಾದುವುದೇ ಬೇಡ, ಮನೆಯಲ್ಲೇ ಬ್ರೆಡ್!

ಬ್ರೆಡ್ ಎಂದರೆ ಬೇಕರಿಯ ವಸ್ತು. ಹಿಟ್ಟನ್ನು ತೋಳು ಸೋಲುವಷ್ಟು ನಾದಬೇಕು, ದೊಡ್ಡ ಒಲೆ ಬೇಕು, ಕೈಪಳಗಿದವರೇ ಆಗಬೇಕು - ನಮ್ಮಲ್ಲಿ ಹೆಚ್ಚಿನವರ ಲೆಕ್ಕ ಇದು. ಹಾಗೇನಿಲ್ಲ. ರಾತ್ರಿ ದೋಸೆಗೆ ಅರೆದಿಟ್ಟು ಮಲಗುವ ಮನೆಗೆ ಇದು ಹೊಸ ವಿದ್ಯೆಯೇ ಅಲ್ಲ. ನಾದುವ ಕೆಲಸವನ್ನು ಸಮಯಕ್ಕೆ ಬಿಟ್ಟುಕೊಟ್ಟರಾಯ್ತು.

ಪೇಟೆಯಲ್ಲಿ ಸಿಗುವಾಗ ಮನೆಯಲ್ಲಿ ಯಾಕೆ ಅಂತೀರಾ? 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ಮಾರುಕಟ್ಟೆಯ ಬ್ರೆಡ್, ಬನ್ ಇತ್ಯಾದಿ 38 ಮಾದರಿಗಳನ್ನು ಪರೀಕ್ಷಿಸಿತ್ತು. ಶೇ. 84ರಲ್ಲಿ ಪೊಟಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಅಂಶ ಇತ್ತು. ಬ್ರೋಮೇಟ್ ಕ್ಯಾನ್ಸರ್ ತರಬಹುದೆಂಬ ಸಂಶಯವಿರುವ ವಸ್ತು. ಅದೇ ವರ್ಷ ಸರಕಾರ ಅದಕ್ಕಿದ್ದ ಅನುಮತಿ ರದ್ದು ಮಾಡಿತು. ಹಿಟ್ಟು ಬೇಗ ಹದಕ್ಕೆ ಬರಲಿ, ಚೆನ್ನಾಗಿ ಉಬ್ಬಲಿ ಎಂದು ಅದನ್ನು ಹಾಕುತ್ತಿದ್ದರು. ಮನೆಯಲ್ಲಿ ಆ ಅವಸರ ಇಲ್ಲವಲ್ಲ! ಹಿಟ್ಟು, ನೀರು, ಉಪ್ಪು, ಯೀಸ್ಟ್ - ನಾಲ್ಕೇ ಸಾಕು.

ಹಳೆಯ ಉಪಾಯ

ಬ್ರಿಟನ್ನಿನ ಡೋರಿಸ್ ಗ್ರಾಂಟ್ 1944ರಲ್ಲೇ ನಾದದೆ ಮಾಡುವ ಇಡಿಗೋಧಿ ಬ್ರೆಡ್ಡಿನ ಬಗ್ಗೆ ಪುಸ್ತಕ ಬರೆದಿದ್ದರು. ಅದಕ್ಕೆ 'ಗ್ರಾಂಟ್ ಲೋಫ್' ಎಂದೇ ಹೆಸರು. 2006ರಲ್ಲಿ ನ್ಯೂಯಾರ್ಕಿನ ಬೇಕರಿಯವರಾದ ಜಿಮ್ ಲೇಹಿ ಅವರ ವಿಧಾನ ಅಲ್ಲಿನ ಪತ್ರಿಕೆಯಲ್ಲಿ ಬಂದ ಮೇಲೆ ಲೋಕವಿಡೀ ಹಬ್ಬಿತು. ಚಿಟಿಕೆ ಯೀಸ್ಟ್, ಧಾರಾಳ ನೀರು, 12ರಿಂದ 18 ಗಂಟೆ ವಿಶ್ರಾಂತಿ, ಮುಚ್ಚಿದ ಪಾತ್ರೆಯಲ್ಲಿ ಬೇಯಿಸೋದು - ಇಷ್ಟೇ ಗುಟ್ಟು.

ಗೋಧಿಯ ಪ್ರೋಟೀನು ನೀರು ಕುಡಿದು ಒಂದಕ್ಕೊಂದು ಹೆಣೆದುಕೊಂಡಾಗ 'ಗ್ಲುಟೆನ್' ಎಂಬ ಅಂಟುಜಾಲ ಆಗುತ್ತದೆ. ಯೀಸ್ಟ್ ಬಿಡುವ ಗಾಳಿಯನ್ನು ಹಿಡಿದಿಡುವುದು ಇದೇ ಜಾಲ. ನಾದಿದರೆ ಬೇಗ ಹೆಣೆಯುತ್ತದೆ. ನೀರು ಜಾಸ್ತಿ ಹಾಕಿ ಸುಮ್ಮನೆ ಬಿಟ್ಟರೆ ತಾನಾಗಿ, ನಿಧಾನಕ್ಕೆ ಹೆಣೆಯುತ್ತದೆ.

ಅಳತೆ

ಮೈದಾ 300 ಗ್ರಾಂ, ಗೋಧಿಹಿಟ್ಟು 200 ಗ್ರಾಂ, ನೀರು 380ರಿಂದ 400 ಮಿ.ಲೀ., ಉಪ್ಪು ಒಂದೂವರೆ ಟೀ ಚಮಚ, ಇನ್‌ಸ್ಟಂಟ್ ಯೀಸ್ಟ್ ಕಾಲು ಟೀ ಚಮಚ. ಎಲ್ಲ ಸೇರಿಸಿ ಸೌಟಿನಲ್ಲಿ ಒಂದು ನಿಮಿಷ ಕಲಸಿ. ಕೈಗೆ ಅಂಟುವಷ್ಟು ಮೆತ್ತಗಿರಬೇಕು. ಚಪಾತಿ ಹಿಟ್ಟಿನ ಹದಕ್ಕೆ ತಂದರೆ ಕೆಟ್ಟಿತು! ಮುಚ್ಚಿಡಿ.

ಎಷ್ಟು ಹೊತ್ತು? ಅಲ್ಲಿನವರ 18 ಗಂಟೆ ಸುಮಾರು 21 ಡಿಗ್ರಿ ಸೆಲ್ಸಿಯಸ್‌ನ ಕೋಣೆಯದು. ಕರಾವಳಿಯ 30 ಡಿಗ್ರಿ ಸೆಕೆಗೆ 6ರಿಂದ 8 ಗಂಟೆ ಧಾರಾಳ. ಹೆಚ್ಚು ಬಿಟ್ಟರೆ ಹುಳಿ ಏರಿ ಹಿಟ್ಟು ಕುಸಿಯುತ್ತದೆ. ರಾತ್ರಿ ಎಂಟಕ್ಕೆ ಕಲಸಿ ಬೆಳಗ್ಗೆ ತೋಟದ ಕೆಲಸ ಮುಗಿಸಿ ಬೇಯಿಸುವುದಾದರೆ ಯೀಸ್ಟ್ ಅರ್ಧಕ್ಕೆ ಇಳಿಸಿ, ತಣ್ಣೀರಲ್ಲೇ ಕಲಸಿ. ಗಡಿಯಾರಕ್ಕಿಂತ ಗುರುತು ಮುಖ್ಯ. ಹಿಟ್ಟು ಎರಡು ಪಾಲಾಗಿರಬೇಕು, ಮೇಲೆಲ್ಲ ಗುಳ್ಳೆ ಬಂದಿರಬೇಕು.

ಹಿಟ್ಟನ್ನು ಒದ್ದೆ ಕೈಯಲ್ಲಿ ನಾಲ್ಕು ಬದಿಯಿಂದ ಮಡಚಿ, ಎಣ್ಣೆ ಸವರಿದ ಟಿನ್ನಿಗೆ ಹಾಕಿ. ಬಾಡಿಸಿದ ಬಾಳೆಲೆ ಹಾಸಿದರೆ ಇನ್ನೂ ಒಳ್ಳೆಯದು, ಅಡಿ ಅಂಟುವುದಿಲ್ಲ. ಮತ್ತೆ ಮುಕ್ಕಾಲರಿಂದ ಒಂದು ಗಂಟೆ ಬಿಡಿ.

ಓವನ್ ಇಲ್ಲದಿದ್ದರೆ?

ಓವನ್ ಇದ್ದವರು 230 ಡಿಗ್ರಿಗೆ ಕಾಯಿಸಿ, ಟಿನ್ನಿಗೆ ಮುಚ್ಚಳ ಹಾಕಿ 30 ನಿಮಿಷ, ತೆಗೆದು 15-20 ನಿಮಿಷ ಬೇಯಿಸಿ. ಮುಚ್ಚಿದಾಗ ಹಿಟ್ಟಿನದೇ ಹಬೆ ಒಳಗೆ ನಿಂತು ಮೇಲ್ಮೈ ಮೆತ್ತಗಿರುತ್ತದೆ, ಬ್ರೆಡ್ ಪೂರ್ತಿ ಉಬ್ಬುತ್ತದೆ.

ಇಲ್ಲದವರಿಗೆ ಕೆಂಡತ್ತಡ್ಯದ ದಾರಿ ಇದೆಯಲ್ಲ! ದಪ್ಪ ತಳದ ದೊಡ್ಡ ಪಾತ್ರೆಗೆ ಒಂದಿಂಚು ಒಣ ಮರಳು ಹಾಕಿ ಚೆನ್ನಾಗಿ ಕಾಯಿಸಿ. ಟಿನ್ನನ್ನು ಒಳಗಿಟ್ಟು ಪಾತ್ರೆಗೆ ಮುಚ್ಚಳ ಹಾಕಿ, ಮೇಲೆ ಗೆರಟೆ ಕೆಂಡ ಹರಡಿ. ಕೆಳಗೆ ಮಂದ ಉರಿ, ಮೇಲೆ ಕೆಂಡ ಹೆಚ್ಚು. ಒಂದು ಗಂಟೆ ಹತ್ತಿರ ಬೇಕು. ಅಡಿಗೆ ಬೆರಳಲ್ಲಿ ಬಡಿದರೆ ಟೊಳ್ಳು ಸದ್ದು ಬಂದರೆ ಬೆಂದಿದೆ ಎಂದರ್ಥ. ಕೊಯ್ಯಲು ಒಂದು ಗಂಟೆ ತಾಳ್ಮೆ ಬೇಕು. ಬಿಸಿಯಲ್ಲೇ ಕೊಯ್ದರೆ ಒಳಗೆ ಮುದ್ದೆಯಾಗುತ್ತದೆ.

ನಮ್ಮ ಬೆಳೆಗೂ ಜಾಗ

ಗೋಧಿ ನಮ್ಮ ಹೊಲದ್ದಲ್ಲ, ನಿಜ. ಆದರೆ ಐದರಲ್ಲೊಂದು ಪಾಲಿನ ತನಕ ರಾಗಿಹಿಟ್ಟನ್ನೋ, 2021ರಲ್ಲಿ ಮನೆಮಾತಾದ ಬಾಕಾಹು, ಅಂದರೆ ಬಾಳೆಕಾಯಿ ಹುಡಿಯನ್ನೋ ಸೇರಿಸಬಹುದು. ಇವುಗಳಲ್ಲಿ ಗ್ಲುಟೆನ್ ಇಲ್ಲ. ಹೆಚ್ಚಾದರೆ ಬ್ರೆಡ್ ಏಳುವುದಿಲ್ಲ. ಯೀಸ್ಟ್ ಇಲ್ಲದ ಕಾಲದಲ್ಲಿ ಗೋವಾದ ಪಾವ್‌ಗೂ, ಮಂಗಳೂರಿನ ಸಣ್ಣಕ್ಕೂ ಶೇಂದಿಯೇ ಹುದುಗಾಗಿತ್ತು. ತೆಂಗಿನ ತೋಟಕ್ಕೂ ಬ್ರೆಡ್ಡಿಗೂ ನಂಟು ಹಳೆಯದು!

ತೊಡಕೂ ಇದೆ. ಸಂರಕ್ಷಕ ಹಾಕದ ಬ್ರೆಡ್ ಎರಡು-ಮೂರು ದಿನಕ್ಕಿಂತ ಹೆಚ್ಚು ತಾಳದು. ಮಳೆಗಾಲದಲ್ಲಿ ಬೇಗ ಬೂಸು ಬರುತ್ತದೆ. ಮನೆಗೆ ಬೇಕಾದಷ್ಟೇ ಮಾಡಿ. ಯೀಸ್ಟ್ ಪೊಟ್ಟಣ ಒಡೆದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಮಾರುವ ಯೋಚನೆ ಇದ್ದರೆ ಆಹಾರ ಸುರಕ್ಷತಾ ನೋಂದಣಿ ಕಡ್ಡಾಯ.

ಮೊದಲ ಮೂರು ಸಲ ಕಲಸಿದ ಹೊತ್ತು, ಉಬ್ಬಿದ ಹೊತ್ತು, ಆ ದಿನದ ಸೆಕೆ ಇವನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ. ನಾಲ್ಕನೆಯದಕ್ಕೆ ನಿಮ್ಮ ಅಡುಗೆಮನೆಯ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.