ಜಾಂಬಿಯ ತವರಿನಲ್ಲಿ ನಂಬಿಕೆಯೇ ಅಪರಾಧವಾಗಿತ್ತು

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ‘ಜಾಂಬಿ ಪ್ರಾಸೆಸ್’ ಅಂತ ಒಂದಿದೆ. ಅದರ ಕೆಲಸ ಮುಗಿದಿರುತ್ತೆ, ಆದರೆ ಸಿಸ್ಟಮ್‌ನ ಪಟ್ಟಿಯಿಂದ ಹೆಸರು ಹೋಗಿರಲ್ಲ. ಸತ್ತೂ ಸಾಯದ ಸ್ಥಿತಿ. ಈ ‘ಜಾಂಬಿ’ ಜಗತ್ತಿಗೆಲ್ಲ ಹಬ್ಬಿದ್ದು ಕೆರಿಬಿಯನ್ ಸಮುದ್ರದ ಹೈಟಿ ದೇಶದಿಂದ. ಆ ಪದದ ಬೆನ್ನು ಹತ್ತಿ ಓದುತ್ತಾ ಹೋದ ನನಗೆ ಸಿಕ್ಕಿದ್ದು ದೆವ್ವದ ಕಥೆಯಲ್ಲ, ಕಾನೂನಿನ ಕಥೆ.

ಹೈಟಿಯ ‘ವೋಡು’ ಅಂದ ಕೂಡಲೇ ಸೂಜಿ ಚುಚ್ಚಿದ ಗೊಂಬೆ ನೆನಪಾಗುತ್ತೆ ಅಲ್ವಾ? ಅದು ಸಿನಿಮಾದ ವೋಡು. ನಿಜವಾದ ವೋಡು, ಆಫ್ರಿಕಾದಿಂದ ಗುಲಾಮರಾಗಿ ಬಂದವರು ಕಟ್ಟಿಕೊಂಡ ಧರ್ಮ. ಎಲ್ಲಕ್ಕೂ ಮೇಲೆ ‘ಬೊಂದ್ಯೆ’ ಎಂಬ ಒಬ್ಬ ದೇವರು. ಅವನಿಗೂ ಮನುಷ್ಯರಿಗೂ ನಡುವೆ ‘ಲ್ವಾ’ ಎಂಬ ಶಕ್ತಿಗಳು. ಡೋಲು ಬಡಿದು, ಹಾಡಿ ಕುಣಿದು ಕರೆದರೆ ಲ್ವಾ ಭಕ್ತರ ಮೈಮೇಲೆ ಬರುತ್ತೆ ಎಂಬ ನಂಬಿಕೆ. ಪೂಜೆ ನಡೆಸುವವರಲ್ಲಿ ಗಂಡಸರೂ ಇದ್ದಾರೆ, ಹೆಂಗಸರೂ ಇದ್ದಾರೆ.

ಫ್ರೆಂಚ್ ದೊರೆಯ 1685ರ ಶಾಸನ, ಗುಲಾಮರಿಗೆಲ್ಲ ಕ್ಯಾಥೊಲಿಕ್ ದೀಕ್ಷೆ ಕೊಡಬೇಕು, ಬೇರೆ ಧರ್ಮದ ಆಚರಣೆ ಬಹಿರಂಗವಾಗಿ ನಡೆಯಕೂಡದು ಎಂದಿತ್ತು. ಆದರೂ ವೋಡು ಗುಟ್ಟಾಗಿ ಉಳಿಯಿತು. 1791ರ ಗುಲಾಮರ ದಂಗೆ, ಬ್ವಾ ಕೈಮಾನ್ ಎಂಬಲ್ಲಿ ರಾತ್ರಿ ನಡೆದ ವೋಡು ಪೂಜೆಯಿಂದ ಶುರುವಾಯಿತು ಅಂತಲೇ ಹೈಟಿಯ ಜನ ಇವತ್ತಿಗೂ ನೆನೆಯುತ್ತಾರೆ. 1804ರಲ್ಲಿ ದೇಶ ಸ್ವತಂತ್ರವಾಯಿತು.

ಹಾಗಾದರೆ ಹೊಸ ದೇಶ ವೋಡುವನ್ನು ತಲೆ ಮೇಲೆ ಹೊತ್ತುಕೊಳ್ಳಬೇಕಿತ್ತು. ಆಗಿದ್ದು ಉಲ್ಟಾ. ಕಪ್ಪು ಜನರ ದೇಶವನ್ನು ಯೂರೋಪ್ ಅನಾಗರಿಕ ಅಂತಲೇ ನೋಡುತ್ತಿತ್ತು. ‘ನಾವೂ ನಾಗರಿಕರೇ’ ಅಂತ ತೋರಿಸಿಕೊಳ್ಳಬೇಕಾದ ಒತ್ತಡ ಆಳುವವರ ಮೇಲಿತ್ತು. 1835ರ ದಂಡಸಂಹಿತೆ ವೋಡುವನ್ನು ಮಾಟಮಂತ್ರದ ಪಟ್ಟಿಗೆ ಸೇರಿಸಿ ಅಪರಾಧ ಮಾಡಿತು.

ಬಗ್ ಇರೋದು ಇಲ್ಲೇ. ಮಾಟ ಮಾಡಿದರೆ ಶಿಕ್ಷೆ ಅಂದರೆ, ಮಾಟಕ್ಕೆ ಶಕ್ತಿ ಇದೆ ಅಂತ ಸರ್ಕಾರವೇ ಮುದ್ರೆ ಒತ್ತಿದ ಹಾಗೆ. ಮೇಲಾಗಿ, ಮನೆದೇವರಿಗೆ ನಡೆದುಕೊಳ್ಳುವವರು, ಭಯ ಹುಟ್ಟಿಸಿ ದುಡ್ಡು ಕೀಳುವವರು ಇಬ್ಬರೂ ಕಾನೂನಿನ ಕಣ್ಣಲ್ಲಿ ಒಂದೇ ಆದರು.

1915ರಿಂದ 1934ರವರೆಗೆ ಹೈಟಿಯನ್ನು ಆಕ್ರಮಿಸಿದ್ದ ಅಮೆರಿಕದ ಸೈನಿಕರು ಇದೇ ಕಾನೂನು ಹಿಡಿದು ಪೂಜೆಗಳ ಮೇಲೆ ದಾಳಿ ಮಾಡಿದರು. ಅದೇ ಹೊತ್ತಲ್ಲಿ, 1932ರಲ್ಲಿ, ಹಾಲಿವುಡ್ ‘ವೈಟ್ ಜಾಂಬಿ’ ಸಿನಿಮಾ ಮಾಡಿ ಹೆದರಿಕೆಯನ್ನೇ ಮಾರಿತು. 1941–42ರಲ್ಲಿ ಕ್ಯಾಥೊಲಿಕ್ ಚರ್ಚ್‌ನ ‘ಮೂಢನಂಬಿಕೆ ವಿರೋಧಿ’ ಅಭಿಯಾನದಲ್ಲಿ ಗುಡಿಗಳು ನಾಶವಾದವು, ಡೋಲುಗಳು ಸುಟ್ಟವು.

ಕೊನೆಗೆ 1987ರ ಸಂವಿಧಾನ ನಿಷೇಧವನ್ನು ತೆಗೆಯಿತು. 2003ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಅರಿಸ್ಟಿಡ್ ಸರ್ಕಾರ ವೋಡುವನ್ನು ಧರ್ಮ ಅಂತ ಅಧಿಕೃತವಾಗಿ ಒಪ್ಪಿತು. ವೋಡು ಪೂಜಾರಿ ಮಾಡಿಸಿದ ಮದುವೆಗೂ ಕಾನೂನಿನ ಮಾನ್ಯತೆಯ ದಾರಿ ತೆರೆಯಿತು.

ಕಥೆ ಸುಖಾಂತ್ಯ ಅಂದುಕೊಂಡ್ರಾ? 2010ರಲ್ಲಿ ಕಾಲರಾ ಹರಡಿದಾಗ, ರೋಗ ಬರಿಸಿದ್ದು ವೋಡು ಪೂಜಾರಿಗಳೇ ಅಂತ ಜನ 40ಕ್ಕೂ ಹೆಚ್ಚು ಮಂದಿಯನ್ನು ಕೊಂದರು. ರೋಗ ಬಂದಿದ್ದು ವಿಶ್ವಸಂಸ್ಥೆಯ ಶಾಂತಿಪಡೆಯ ಶಿಬಿರದ ಕೊಳಚೆಯಿಂದ. ಅದರಲ್ಲಿ ತನ್ನ ಪಾತ್ರವಿದೆ ಅಂತ ವಿಶ್ವಸಂಸ್ಥೆ 2016ರಲ್ಲಿ ಒಪ್ಪಿಕೊಂಡಿತು. 2024ರ ಡಿಸೆಂಬರ್‌ನಲ್ಲಿ ರಾಜಧಾನಿಯ ಕೊಳೆಗೇರಿಯೊಂದರಲ್ಲಿ, ಮಗನ ಕಾಯಿಲೆಗೆ ಮಾಟವೇ ಕಾರಣ ಅಂತ ಗ್ಯಾಂಗ್ ನಾಯಕನೊಬ್ಬ ಹತ್ಯಾಕಾಂಡ ನಡೆಸಿದ. ವಿಶ್ವಸಂಸ್ಥೆಯ ಲೆಕ್ಕದಲ್ಲಿ ಸತ್ತವರು ಕನಿಷ್ಠ 207. ಅವರಲ್ಲಿ ಹೆಚ್ಚಿನವರು ವಯಸ್ಸಾದವರು.

ನಂಬಿಕೆಗೆ ಶಿಕ್ಷೆಯೋ, ಹಾನಿಗೆ ಶಿಕ್ಷೆಯೋ ಅನ್ನೋದು ನಮ್ಮ ಪ್ರಶ್ನೆಯೂ ಹೌದು. ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆ ಯಾವ ಧರ್ಮವನ್ನೂ ಹೆಸರಿಸಿ ನಿಷೇಧಿಸಲಿಲ್ಲ, ಅಮಾನವೀಯ ಕೃತ್ಯಗಳನ್ನು ಒಂದೊಂದಾಗಿ ಪಟ್ಟಿ ಮಾಡಿತು. ಅಂಥ ಗೆರೆ ಎಳೆಯೋದು ಸುಲಭವಲ್ಲ, ಆದರೆ ಎಳೆಯಲೇಬೇಕು. ಒಂದಿಡೀ ಸಮುದಾಯದ ಮೇಲೆ ‘ಮಾಟಗಾರರು’ ಅಂತ ಚೀಟಿ ಅಂಟಿಸೋಕೆ ಒಂದು ಕಾನೂನು ಸಾಕು. ಅದನ್ನು ಕೀಳೋಕೆ ಇನ್ನೊಂದು ಕಾನೂನು ಸಾಲದು ಅನ್ನೋದನ್ನ ಹೈಟಿಯ ಆ 207 ಮನೆಗಳು ಹೇಳುತ್ತಿವೆ.